ಹೆಬ್ಬೆರಳಿನ ವಂಶಾವಳಿ

ಹೊಸೂರಿನ ಕಾರ್ಖಾನೆಯೊಂದರ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಲ್ಯಾಬ್ ಕೆಲಸದಲ್ಲಿ ಮುಖ್ಯವಾಗಿ ಏನು ಕಲಿಯಬೇಕು ಎಂದು ಕೇಳಿದಳು. ನರ ಹುಡುಕುವುದು, ಟ್ಯೂಬಿಗೆ ಚೀಟಿ ಅಂಟಿಸುವುದು, ಯಂತ್ರ ತೊಳೆಯುವುದು, ಇವೆಲ್ಲ ಒಂದು ತಿಂಗಳ ವಿದ್ಯೆ. "ಬರೆಯೋ ಮುಂಚೆ ಕೇಳಬೇಕು ಕಣೇ" ಎಂದೆ. ಇಷ್ಟು ಹೇಳಲು ಇವರಿಗೆ ಅಷ್ಟು ವರ್ಷ ಸರ್ವೀಸು ಬೇಕಾಯಿತೇ ಎಂಬಂತೆ ನನ್ನ ಮುಖ ನೋಡಿ, ಕಾಫಿ ಮುಗಿಸಿ ಹೋದಳು. ಬೇಕಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಬ್ಬಿಣವನ್ನು ಕೆಂಪಗೆ ಕಾಯಿಸಿ, ದೊಡ್ಡ ಸುತ್ತಿಗೆ ಯಂತ್ರದಲ್ಲಿ ಬಡಿದು, ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಕಾರ್ಮಿಕರು ಇಟ್ಟ ಹೆಸರು ಸೂಜಿಯಮ್ಮ. ಎರಡು ಸಲ ಬಡ್ತಿ ಬಂತು. ಮೊದಲನೆಯದರಲ್ಲಿ ಕುರ್ಚಿಗೆ ಕೈ ಬಂತು, ಎರಡನೆಯದರಲ್ಲಿ ಚಕ್ರ ಬಂತು. ಆ ವಿಷಯ ಇಷ್ಟಕ್ಕೆ ಸಾಕು.

ನಾನು ಸೇರಿದಾಗ ಯಂತ್ರ ಎಂದರೆ ಒಂದು ಕಲರಿಮೀಟರ್. ರಕ್ತದ ತಿಳಿಗೆ ಮದ್ದು ಬೆರೆಸಿ, ಬಣ್ಣ ಬರುವ ತನಕ ಕಾದು, ಮುಳ್ಳು ಎಲ್ಲಿ ನಿಂತಿತೆಂದು ನೋಡಿ ಲೆಕ್ಕ ಹಾಕಬೇಕು. ಪಕ್ಕದ ಶೆಡ್ಡಿನಲ್ಲಿ ಸುತ್ತಿಗೆ ಬಿದ್ದಾಗಲೆಲ್ಲ ನನ್ನ ಮೇಜು ನಡುಗಿ ಮುಳ್ಳು ಹಾರುತ್ತಿತ್ತು. ಎರಡು ಏಟಿನ ನಡುವೆ ಉಸಿರು ಹಿಡಿದು ಅಂಕಿ ಓದುವುದನ್ನು ಕಲಿತೆ. ಆಮೇಲೆ ತಾನೇ ಎಲ್ಲವನ್ನೂ ಮಾಡಿ ಚೀಟಿ ಉಗುಳುವ ಯಂತ್ರ ಬಂತು. ಅದು ಬಂದ ಮೇಲೆ ನಾವು ಮುಳ್ಳನ್ನೂ ನೋಡಲಿಲ್ಲ, ಮನುಷ್ಯರನ್ನೂ ನೋಡಲಿಲ್ಲ.

ಮೊದಲ ವರ್ಷದ ಒಂದು ಎಡವಟ್ಟು ಹೇಳುತ್ತೇನೆ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಗೇಟಿನಲ್ಲಿ ತಮಿಳಿನಲ್ಲಿ ಬೋರ್ಡು ಹಾಕಿದ್ದರು. ನಾನು ಪ್ರತಿಯೊಬ್ಬರನ್ನೂ ಕನ್ನಡದಲ್ಲಿ "ಊಟ ಮಾಡಿದ್ದೀರಾ?" ಎಂದು ಕೇಳಿ, ಇಲ್ಲ ಎಂದ ಮೇಲೆಯೇ ಸೂಜಿ ಹಾಕುತ್ತಿದ್ದೆ. ಬಾಗಲೂರು ಕಡೆಯಿಂದ ಬರುವ ಗಟ್ಟಿಮುಟ್ಟಾದ ಆಳುಗಳಿಗೆಲ್ಲ ಸಕ್ಕರೆ ಜಾಸ್ತಿ. ಡಾಕ್ಟರು ಪಥ್ಯ ಬರೆದೇ ಬರೆದರು. ಎರಡು ತಿಂಗಳಾದ ಮೇಲೆ ಒಬ್ಬನ ಬಾಯಲ್ಲಿ ಚಟ್ನಿ ವಾಸನೆ ಬಂತು.

"ಏನು ತಿಂದ್ಯಪ್ಪಾ?" ಎಂದೆ.

"ಆರು ಇಡ್ಲಿ ತಿಂದೆ ಕಣಮ್ಮ."

"ಊಟ ಮಾಡಿಲ್ಲ ಅಂದ್ಯಲ್ಲ."

"ಊಟ ಎಲ್ಮಾಡ್ದೆ? ಮುದ್ದೆ ಮುಟ್ಟೇ ಇಲ್ಲ."

ಅವನು ಸುಳ್ಳು ಹೇಳಿರಲಿಲ್ಲ. ಮುದ್ದೆ ಉಂಡರೆ ಊಟ, ಮಿಕ್ಕಿದ್ದೆಲ್ಲ ಬಾಯಾಡಿಸುವುದು. ಹೊಸೂರಿನಲ್ಲೇ ಹುಟ್ಟಿ ಬೆಳೆದ ನನಗೆ ಇದು ತಿಳಿಯಬೇಕಿತ್ತು. ಆರೋಗ್ಯವಂತರಿಗೆ ಎರಡು ತಿಂಗಳು ಸಕ್ಕರೆಯಿಲ್ಲದ ಟೀ ಕುಡಿಸಿದ ಪಾಪ ನನ್ನ ಖಾತೆಯಲ್ಲಿದೆ.

ಸಕ್ಕರೆಯಾದ ಮೇಲೆ ಕಾರ್ಖಾನೆಗೆ ಹಿಡಿದ ಹುಚ್ಚು ಯೂರಿಕ್ ಆಸಿಡ್. ರಕ್ತದಲ್ಲಿ ಅದು ಏಳು ದಾಟಿದರೆ ಹೆಚ್ಚು ಎಂದು ಲೆಕ್ಕ. ಹೆಚ್ಚಾದವರಲ್ಲಿ ಕೆಲವರಿಗೆ ಅದು ಹರಳಾಗಿ ಗಂಟಿನಲ್ಲಿ ಕೂತು, ಒಂದು ಬೆಳಿಗ್ಗೆ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದ್ದ ದುಪ್ಪಟಿ ತಾಗಿದರೂ ಕಿರುಚುವಂತಾಗುತ್ತದೆ. ಗೌಟ್ ಎನ್ನುವುದು ಇದನ್ನೇ.

ಆಗಿನ ನಮ್ಮ ಡಾಕ್ಟರು ವಾರಕ್ಕೆ ಮೂರು ದಿನ ಬರುವ ಹಿರಿಯರು. ಅವರ ವೈದ್ಯಶಾಸ್ತ್ರದಲ್ಲಿ ಯೂರಿಕ್ ಆಸಿಡ್‌ಗೆ ಎರಡೇ ಮೂಲ: ಹೆಂಡ ಮತ್ತು ಮಾಂಸ. ಅಂಕಿ ನೋಡಿ "ಕುಡೀತೀಯಾ?" ಎನ್ನುತ್ತಿದ್ದರು. ಹೌದು ಎಂದರೆ "ಬಿಡು" ಎನ್ನುತ್ತಿದ್ದರು. ಇಲ್ಲ ಎಂದರೆ "ಸುಳ್ಳು ಹೇಳೋದನ್ನಾದ್ರೂ ಬಿಡು" ಎನ್ನುತ್ತಿದ್ದರು. ನಮ್ಮ ಲೆಕ್ಕಪತ್ರ ವಿಭಾಗದ ಅಧಿಕಾರಿಯೊಬ್ಬರು ಈರುಳ್ಳಿಯನ್ನೂ ತಟ್ಟೆಯಂಚಿಗೆ ತಳ್ಳುವ ಮಡಿವಂತರು. ಅವರಿಗೂ ಎಂಟು ಬಂತು. ಡಾಕ್ಟರು ಬಾಗಿಲು ಹಾಕಿಸಿ, "ಹೊರಗೆಲ್ಲೋ ನಡೀತಿದೆ, ಮನೆಯವರಿಗೆ ಹೇಳಬೇಡಿ" ಎಂದು ನನಗೆ ಗುಟ್ಟಾಗಿ ಹೇಳಿದರು. ಶಾಸ್ತ್ರ ತಪ್ಪಿರಬಹುದು ಎಂಬ ಅನುಮಾನ ಅವರಿಗೆ ಬರಲಿಲ್ಲ, ಆ ಬಡಪಾಯಿಯ ಮೇಲೆ ಬಂತು.

ಸಿಬ್ಬಂದಿ ವಿಭಾಗದ ಮ್ಯಾನೇಜರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕ್ಯಾಂಟೀನಿನಲ್ಲಿ ಹುರುಳಿ ಸಾರು ನಿಲ್ಲಿಸಿದರು, ಬುಧವಾರದ ಮಟನ್ ನಿಲ್ಲಿಸಿದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ, ಹೆಬ್ಬೆರಳು ಊದಿದವರಿಗಾಗಿ ಇಡೀ ಕಾರ್ಖಾನೆ ಒಂದು ವರ್ಷ ಸೋರೆಕಾಯಿ ತಿಂದಿತು. ಮರುವರ್ಷ ನಾನು ರಕ್ತ ತೆಗೆದೆ. ಅಂಕಿಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ಮ್ಯಾನೇಜರು ಅದಕ್ಕೂ ಬಗ್ಗಲಿಲ್ಲ. ಏಳು ದಾಟಿದವರ ಮನೆಗೇ ಕಾಗದ ಬರೆಯಲು ಶುರುಮಾಡಿದರು: "ನಿಮ್ಮ ಮನೆಯವರ ದುಶ್ಚಟದ ಬಗ್ಗೆ ಕುಟುಂಬ ಗಮನ ಹರಿಸಬೇಕು." ಇದಕ್ಕೆ ಕುಟುಂಬ ಸ್ನೇಹಿ ಯೋಜನೆ ಎಂದು ಹೆಸರು.

ಕಾಗದ ಯಾರಿಗೆ ಹೋಗಬೇಕೆಂದು ತೀರ್ಮಾನವಾಗುತ್ತಿದ್ದುದು ನನ್ನ ಕಾರ್ಡಿನಿಂದ. ಪ್ರತಿಯೊಬ್ಬರ ಆರೋಗ್ಯ ಕಾರ್ಡಿನಲ್ಲೂ "ಅಭ್ಯಾಸಗಳು" ಎಂಬ ಕಾಲಂ ಇತ್ತು. ಕೇಳಿ ತುಂಬಬೇಕಾದ್ದು. ಬಾಗಿಲಲ್ಲಿ ಉದ್ದ ಸಾಲು, ಒಳಗೆ ನಾನೊಬ್ಬಳು. ಅಂಕಿ ಏಳರ ಮೇಲಿದ್ದರೆ "ಮದ್ಯಪಾನ: ಉಂಟು" ಎಂದು ಕೈ ತಾನೇ ಬರೆಯುತ್ತಿತ್ತು. ಡಾಕ್ಟರು ಹೇಗೂ ಅದನ್ನೇ ಹೇಳುತ್ತಾರಲ್ಲ ಎಂಬ ಧೈರ್ಯ. ಎತ್ತು ಈಯಿತು ಎಂದವರು ಅವರು, ಕೊಟ್ಟಿಗೆಗೆ ಕಟ್ಟಿದವಳು ನಾನು.

ಹಾಗೆ ಕಟ್ಟಿಸಿಕೊಂಡವರಲ್ಲಿ ಮುನಿರಾಜು ಒಬ್ಬ. ಅಂಚೆಟ್ಟಿ ದಾಟಿ ಕಾಡಿನ ಮಗ್ಗುಲಲ್ಲಿರುವ ನಾಟ್ರಾಂಪಾಳ್ಯದವನು. ಹೊಸೂರಿನಲ್ಲಿ ರೂಮು ಮಾಡಿಕೊಂಡು ಕುಲುಮೆ ವಿಭಾಗದಲ್ಲಿ ಟ್ರೈನಿಯಾಗಿದ್ದ. ಮಾತು ಕಡಿಮೆ, ರಜೆ ಇನ್ನೂ ಕಡಿಮೆ. ಖಾಯಂ ಮಾಡುವವರ ಪಟ್ಟಿಯಲ್ಲಿ ಹೆಸರು ಬಂದಿತ್ತು. ಆ ವಾರವೇ ಅವನ ಹೆಬ್ಬೆರಳು ಊದಿತು. ರಜೆ ಹಾಕಿದರೆ ಪಟ್ಟಿಯಿಂದ ತೆಗೆದಾರು ಎಂದು ಹೆದರಿ, ಊದಿದ ಕಾಲನ್ನು ಬೂಟಿನೊಳಗೆ ತುರುಕಿಕೊಂಡು ಮೊದಲ ಶಿಫ್ಟಿಗೆ ಬಂದ. ನೋವಿಗೆ ಅಡ್ಡಾದಿಡ್ಡಿ ಕಾಲು ಹಾಕುತ್ತಿದ್ದುದನ್ನು ನೋಡಿದ ಸೂಪರ್‌ವೈಸರ್ "ತೂರಾಡುತ್ತಾ ಬಂದಿದ್ದಾನೆ" ಎಂದು ವರದಿ ಮಾಡಿದ. ಮ್ಯಾನೇಜರು ಕಾರ್ಡು ತರಿಸಿದರು. ಯೂರಿಕ್ ಆಸಿಡ್ ಒಂಬತ್ತೂವರೆ, ಮದ್ಯಪಾನ ಉಂಟು. ಖಾಯಂ ಆದೇಶ ತಡೆಹಿಡಿದರು. ಊರಿಗೆ ಕಾಗದ ಹೋಯಿತು.

ಅವನು ಕುಂಟುತ್ತಾ ನನ್ನ ಕೋಣೆಗೆ ಬಂದ.

"ಅಮ್ಮಾ, ಕಾರ್ಡ್ನಾಗೆ ನಾನು ಕುಡೀತೀನಿ ಅಂತ ಬರ್ದೈತಂತೆ. ನಾನು ಒಂದು ತೊಟ್ಟೂ ಮುಟ್ಟಿಲ್ಲ. ಯಾರನ್ನ ಕೇಳಿ ಬರುದ್ರು?"

ಕಾರ್ಡು ನನ್ನ ಮುಂದೆಯೇ ಇತ್ತು. ಅಕ್ಷರ ನನ್ನದು. "ಗೊತ್ತಿಲ್ಲಪ್ಪ, ವಿಚಾರಿಸ್ತೀನಿ" ಎಂದೆ. ಅವನು ತಲೆಯಾಡಿಸಿ ಹೋದ. ನನಗೆ ನಾಚಿಕೆಯಾಯಿತು, ಆದರೆ ಬಾಯಿ ಬಿಡುವಷ್ಟು ಆಗಲಿಲ್ಲ.

ಅಷ್ಟರಲ್ಲಿ ಹಿರಿಯ ಡಾಕ್ಟರು ನಿವೃತ್ತರಾಗಿ, ಕೃಷ್ಣಗಿರಿಯಿಂದ ಒಬ್ಬರು ಹೊಸ ಡಾಕ್ಟರಮ್ಮ ಬಂದರು. ಮನೆಮಾತು ತಮಿಳು, ಕನ್ನಡ ಮಾತ್ರ ನಮ್ಮ ಸಂತೆಯಲ್ಲಿ ಕಲಿತದ್ದು. ಮುನಿರಾಜುವನ್ನು ಕೂರಿಸಿಕೊಂಡು ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮನೇಲಿ ಇನ್ಯಾರಿಗೆ ಬೆರಳು ಊದ್ತದೆ?" ಅಷ್ಟು ವರ್ಷದ ಸರ್ವೀಸಿನಲ್ಲಿ ಆ ಪ್ರಶ್ನೆ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಅಕ್ಕಾ, ಯೂರಿಕ್ ಆಸಿಡ್ ತಟ್ಟೆಯಿಂದ ಬರೋದು ಸ್ವಲ್ಪ, ಮೈಯೇ ಮಾಡಿಕೊಳ್ಳೋದು ಜಾಸ್ತಿ" ಎಂದು ಆಮೇಲೆ ನನಗೆ ಬಿಡಿಸಿ ಹೇಳಿದರು. "ಅದನ್ನ ಹೊರಗೆ ಹಾಕೋದು ಕಿಡ್ನಿ. ಕೆಲವರಿಗೆ ಆ ಬಾಗಿಲು ಹುಟ್ಟಿನಿಂದಲೇ ಬಿಗಿ. ಅಪ್ಪ ಅಮ್ಮ ಕೊಟ್ಟ ಜೀನ್ ಅದು. ಕುಡಿದ್ರೆ ಏರ್ತದೆ, ಕುಲುಮೆ ಮುಂದೆ ಬೆವರಿ ನೀರು ಕುಡೀದೆ ಇದ್ರೂ ಏರ್ತದೆ. ಆದ್ರೆ ಬಾಗಿಲು ಬಿಗಿ ಇದ್ದೋನು ಗಂಜಿ ಕುಡಿದ್ರೂ ಏಳು ದಾಟಬಹುದು."

"ಇವರಮ್ಮನಿಗೆ ಏನೂ ಇಲ್ವಂತಲ್ಲ ಡಾಕ್ಟರೇ?"

"ಹೆಂಗಸರಿಗೆ ಮುಟ್ಟು ನಿಲ್ಲೋವರೆಗೂ ಅದು ಸಾಮಾನ್ಯವಾಗಿ ತಲೆ ಎತ್ತಲ್ಲ. ಒಳಗೇ ಇದ್ದು ಮಕ್ಕಳಿಗೆ ಹೋಗಬಹುದು."

ಏಳು ದಾಟಿದ ಪ್ರತಿಯೊಬ್ಬರದೂ ಮೂರು ತಲೆಮಾರಿನ ವಂಶಾವಳಿ ಬರೆಯಬೇಕೆಂದು ಅವರು ನಿಯಮ ಮಾಡಿದರು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ಬೆರಳು ಊದುವವರಿಗೆ ಕಪ್ಪು. ಎಡಗಡೆ ತಂದೆಯ ಕಡೆ, ಬಲಗಡೆ ತಾಯಿಯ ಕಡೆ. ಮೊದಲ ಫಾರಂ ಮುನಿರಾಜುವಿನದು. ಈ ಸಲ ಕೇಳಿಯೇ ಬರೆಯಬೇಕೆಂದು ನಿಧಾನವಾಗಿ ಕೂತೆ. ಅಪ್ಪನ ಕಡೆ ಯಾರಿಗಿದೆ? ಅಪ್ಪನಿಗೆ, ಅತ್ತೆಗೆ, ಅತ್ತೆಯ ಮಗನಿಗೆ. ಅಮ್ಮನ ಕಡೆ? ಅಜ್ಜಿಗೆ, ಸೋದರಮಾವನಿಗೆ. ಐವರನ್ನು ಕಪ್ಪು ಮಾಡಿ, ಅವನ ಇಬ್ಬರು ತಂಗಿಯರನ್ನು ಬಿಳಿ ದುಂಡು ಮಾಡಿ, ಅಂದವಾಗಿ ಗೆರೆ ಎಳೆದು ಡಾಕ್ಟರಮ್ಮನಿಗೆ ಕೊಟ್ಟೆ.

ಅವರು ಎರಡು ಸಲ ನೋಡಿದರು. "ಅಕ್ಕಾ, ಇವರಪ್ಪ ಯಾರನ್ನ ಮದುವೆ ಆಗಿರೋದು?"

"ಅಕ್ಕನ ಮಗಳನ್ನ."

"ಹಾಗಾದ್ರೆ ಇವನ ಅತ್ತೇನೇ ಇವನ ಅಜ್ಜಿ. ಅತ್ತೆ ಮಗನೇ ಸೋದರಮಾವ. ಇಬ್ಬರನ್ನೂ ಎಡಕ್ಕೊಂದ್ಸಲ, ಬಲಕ್ಕೊಂದ್ಸಲ ಬರೆದಿದ್ದೀರಾ. ಮೂರು ಜನರ ಬೆರಳು ಐದಾಗಿದೆ."

ಅವನು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದ. ನಾನೂ ಹೇಳಿದ್ದನ್ನೇ ಬರೆದಿದ್ದೆ. ಸೋದರಮಾವನನ್ನೇ ಮದುವೆಯಾದವಳು ನಾನು. ನನ್ನ ಅತ್ತೆಯೂ ನನ್ನ ತಾಯಿಯ ತಾಯಿಯೂ ಒಬ್ಬಳೇ. ಆದರೂ ಆಕೆಯನ್ನು ಎರಡು ಲೆಕ್ಕದಲ್ಲಿ ಇಟ್ಟುಕೊಂಡೇ ಬದುಕಿದ್ದೇನೆ, ಅಜ್ಜಿಯಾಗಿ ಮುದ್ದು ಮಾಡಿದಳು, ಅತ್ತೆಯಾಗಿ ಗೋಳು ಹೊಯ್ದುಕೊಂಡಳು. ಕಣ್ಣಿಗೆ ಕಾಣದೇ ಹೋದದ್ದು ಹೀಗೆ. "ಒಂದೇ ಬಳುವಳಿ ಎರಡು ಬಾಗಿಲಿಂದ ಬಂದಿರಬಹುದು. ಆದ್ರೆ ಮಾತ್ರೆ ಇದೆ, ನೀರು ಕುಡೀಲಿ, ಕೆಲಸಕ್ಕೇನೂ ಅಡ್ಡಿಯಿಲ್ಲ" ಎಂದು ನನಗೆ ಹೇಳಿ, ಇದು ಕುಡಿತದಿಂದಲ್ಲ, ಕೆಲಸ ಮಾಡಬಹುದು ಎಂದಷ್ಟೇ ಪತ್ರ ಬರೆದು ಡಾಕ್ಟರಮ್ಮ ಸಹಿ ಹಾಕಿದರು.

ಇಲ್ಲಿ ನನ್ನ ಮತ್ತೊಂದು ಎಡವಟ್ಟು. ಅವರ ಸಹಿಯ ಪತ್ರ ಮಾತ್ರ ಮ್ಯಾನೇಜರಿಗೆ ಹೋಗಬೇಕಿತ್ತು. ಹಳೆಯ ಅಭ್ಯಾಸದಿಂದ ನಾನು ವಂಶಾವಳಿಯನ್ನೂ ಅದೇ ಲಕೋಟೆಯಲ್ಲಿ ಇಟ್ಟೆ. ಅದೂ ಐದು ಕಪ್ಪು ಇದ್ದ ತಪ್ಪು ಪ್ರತಿಯನ್ನು.

ಮ್ಯಾನೇಜರು ನನ್ನನ್ನು ಕರೆಸಿದರು. ಆ ಹಾಳೆ ಮೇಜಿನ ಮೇಲೆ ಹರಡಿತ್ತು. "ಕುಡುಕ ಅಲ್ಲ ಅಂತೀರಾ. ಒಪ್ಪಿದೆ. ಆದರೆ ಇದು ಇನ್ನೂ ಕೆಟ್ಟದ್ದಲ್ವಾ? ಕುಡಿತ ಆದರೆ ಬಿಡಿಸಬಹುದು. ವಂಶದಲ್ಲಿ ಐದು ಜನ! ನಾಳೆ ಕಿಡ್ನಿ ಹೋದರೆ ಕಂಪನಿ ತಲೆ ಮೇಲೆ. ಖಾಯಂ ಮಾಡೋಕಾಗಲ್ಲ."

"ಐದಲ್ಲ ಸಾರ್, ಮೂರು."

"ಮೂರೇ ಆಗಲಿ."

ಅವನದೇ ತಪ್ಪು ಎಂದಾಗ ಕೆಲಸ ತಡೆದರು. ಅವನ ತಪ್ಪಲ್ಲ ಎಂದು ಗೊತ್ತಾದಾಗ ಕೆಲಸ ಇಲ್ಲವೆಂದರು. ಡಾಕ್ಟರಮ್ಮ ಹೋಗಿ ವಾದಿಸಿದರು. ವೈದ್ಯರ ಅಭಿಪ್ರಾಯ ಸಲಹೆ ಮಾತ್ರ ಎಂಬ ಉತ್ತರ ಬಂತು. ತಿಂಗಳ ಕೊನೆಗೆ ಮುನಿರಾಜುವಿನ ತರಬೇತಿ ಅವಧಿ ಮುಗಿಯುವುದರಲ್ಲಿತ್ತು.

ಅದರ ಹಿಂದಿನ ವಾರ ಅಧಿಕಾರಿಗಳ ವಾರ್ಷಿಕ ತಪಾಸಣೆ. ನಮ್ಮ ಮ್ಯಾನೇಜರು ಪ್ರತಿವರ್ಷ ಯಾರೂ ಬರುವ ಮುಂಚೆ ಬಂದು, ತೋಳು ಚಾಚಿ, "ಯೂರಿಕ್ ಆಸಿಡ್ ಕಾರ್ಡಿನಲ್ಲಿ ಬರೀಬೇಡಿ, ಬಾಯಲ್ಲೇ ಹೇಳಿ" ಎನ್ನುತ್ತಿದ್ದವರು. ಅಂಕಿ ಎಷ್ಟೆಂದು ಈಗಲೂ ಹೇಳುವುದಿಲ್ಲ. ಅಷ್ಟು ಬುದ್ಧಿ ನನಗೆ ತಡವಾಗಿಯಾದರೂ ಬಂದಿದೆ. ಏಳು ದಾಟಿದವರಿಗೆಲ್ಲ ಫಾರಂ ಎಂಬ ನಿಯಮವಂತೂ ಇತ್ತು. ಫಾರಂ ಮುಂದಿಟ್ಟೆ.

"ನನಗ್ಯಾಕೆ?" ಎಂದರು.

"ಎಲ್ಲರಿಗೂ ಇದೆ ಸಾರ್. ನೀವು ಹೇಳಿ, ನಾನು ಬರೀತೀನಿ."

"ಬೇಡ, ಕೊಡಿ" ಎಂದು ಪೆನ್ನು ತಾವೇ ತೆಗೆದುಕೊಂಡರು. ತಂದೆಯ ಚೌಕ ಬರೆದರು, ಕಪ್ಪು ಮಾಡಿದರು. ದೊಡ್ಡಪ್ಪನದು ಕಪ್ಪು ಮಾಡಿದರು. ತಾಯಿಯ ಕಡೆ ಬಂದಾಗ ಪೆನ್ನು ನಿಂತಿತು. ಅವರ ಮನೆಯಲ್ಲೂ ಎಡಗಡೆಯವರೇ ಬಲಗಡೆಗೂ ಬರಬೇಕಿತ್ತು. ಮೇಜಿನ ಕೆಳಗೆ ಅವರ ಪಾದ ಬೂಟಿನಿಂದ ಹೊರಗೆ ಬಂದು ನೆಲದ ತಂಪಿಗೆ ಒತ್ತಿಕೊಂಡಿತ್ತು. ನಾನು ನೋಡಿದ್ದನ್ನು ನೋಡಿ ಒಳಗೆ ಎಳೆದುಕೊಂಡರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಓದಿದ್ದೆ, ಕಣ್ಣಾರೆ ಕಂಡದ್ದು ಆವತ್ತು.

"ಇದನ್ನ ಎಲ್ಲಿ ಇಡ್ತೀರಾ?" ಎಂದು ಕೇಳಿದರು.

"ಮುನಿರಾಜುದು ಎಲ್ಲಿದೆಯೋ ಅಲ್ಲೇ ಸಾರ್."

ಅವರು ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಹೋದರು. ಮರುದಿನ ಸುತ್ತೋಲೆ ಬಂತು: ವಂಶಾವಳಿಗಳೆಲ್ಲ ಡಾಕ್ಟರ ಬೀರುವಿನಲ್ಲಿ ಬೀಗದೊಳಗೆ ಇರತಕ್ಕದ್ದು, ಕೆಲಸದ ತೀರ್ಮಾನಕ್ಕೆ ಬಳಸತಕ್ಕದ್ದಲ್ಲ. ಮುನಿರಾಜುವಿನ ಹಾಳೆ ಮುಚ್ಚಿದ ಲಕೋಟೆಯಲ್ಲಿ ನನಗೆ ವಾಪಸಾಯಿತು, ಖಾಯಂ ಆದೇಶ ಅವನಿಗೆ ಹೋಯಿತು. ಕಾರ್ಮಿಕರ ಖಾಸಗಿತನ ಕಾಪಾಡಿದ ದೂರದೃಷ್ಟಿಗಾಗಿ ಮ್ಯಾನೇಜರಿಗೆ ಆ ವರ್ಷ ಶಾಲು ಹೊದಿಸಿದರು. ಚಪ್ಪಾಳೆ ನಾನೂ ತಟ್ಟಿದೆ.

ಮುನಿರಾಜು ಆದೇಶ ಹಿಡಿದುಕೊಂಡು ಬಂದಾಗ ನನಗೆ ತಡೆಯಲಾಗಲಿಲ್ಲ. "ಕಾರ್ಡಿನಲ್ಲಿ ಹಾಗೆ ಬರೆದದ್ದು ನಾನೇ ಕಣಪ್ಪ. ನಿನ್ನನ್ನು ಕೇಳಲೇ ಇಲ್ಲ. ತಪ್ಪಾಯಿತು" ಎಂದೆ.

"ಗೊತ್ತಿತ್ತು ಕಣಮ್ಮ" ಎಂದ. "ವರ್ಷಾವರ್ಷ ಟ್ಯೂಬ್ ಮ್ಯಾಲೆ ನಿಮ್ಮಕ್ಷರ ನೋಡ್ತೀನಲ್ಲ. ನೀವಾಗೇ ಹೇಳ್ತೀರೇನೋ ಅಂತ ಕಾಯ್ತಿದ್ದೆ."

ಅವನ ಬಲಗೈ ಮಣಿಕಟ್ಟಿನಲ್ಲಿ ಹೊಸದೊಂದು ದಾರವಿತ್ತು. ಏನೆಂದು ಕೇಳಿದೆ. ಕಂಪನಿಯ ಕಾಗದ ತಮಿಳಿನಲ್ಲಿ ಊರಿಗೆ ಹೋದಾಗ ಪೋಸ್ಟ್‌ಮ್ಯಾನ್ ಅದನ್ನು ಜಗಲಿಯ ಮೇಲೆ ಎಲ್ಲರಿಗೂ ಕೇಳುವಂತೆ ಓದಿ, ಕನ್ನಡದಲ್ಲಿ ಅರ್ಥವನ್ನೂ ಹೇಳಿದನಂತೆ. ತಾಯಿ ಇವನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಕುಡಿತ ಬಿಡುತ್ತೇನೆಂದು ಆಣೆ ಮಾಡಿಸಿ, ದಾರ ಕಟ್ಟಿಸಿದ್ದರು. ಎಂದೂ ಕುಡಿಯದವನು ಕುಡಿತ ಬಿಡುವ ದಾರ ಕಟ್ಟಿಕೊಂಡು ಕುಲುಮೆಯ ಮುಂದೆ ನಿಂತಿದ್ದ. ನನಗೆ ಅಳು ಬಂತು. ಆ ಭಾನುವಾರವೇ ಬರುತ್ತೇನೆ, ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ ಎಂದೆ. ಅವನು ಬೇಡವೆನ್ನಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ.

ಅಂಚೆಟ್ಟಿಯಲ್ಲಿ ಬಸ್ಸು ಬದಲಿಸಿ ಹೋದೆ. ಅವನ ತಾಯಿ ಮುನಿಯಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಾ ಕೂತಿದ್ದರು. ನನಗೆ ಮಜ್ಜಿಗೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ಭಾನುವಾರಕ್ಕೆ ಊರಿಗೆ ಬಂದಿದ್ದ ಮುನಿರಾಜು ಬಾಗಿಲಿಗೆ ಒರಗಿ ನಿಂತ. ಕಾರ್ಡು, ಅಂಕಿ, ವಂಶಾವಳಿಯ ಪಟ, ಜೀನು, ಕಿಡ್ನಿಯ ಬಾಗಿಲು, ಎಲ್ಲವನ್ನೂ ಆದಷ್ಟು ಸುಲಭ ಮಾಡಿ ಹೇಳಿದೆ. "ನಿಮ್ಮ ಮಗ ಕುಡಿಯೋನಲ್ಲ. ನಾನೇ ತಪ್ಪು ಬರೆದೆ. ಬೇಕಾದರೆ ಊರವರ ಮುಂದೆಯೂ ಹೇಳ್ತೀನಿ" ಎಂದೆ. ಇಷ್ಟು ದೂರ ಬಂದು ತಪ್ಪು ಒಪ್ಪಿಕೊಂಡೆನೆಂದು ಒಳಗೊಳಗೇ ನನಗೆ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

"ನನ್ಮಗ ಕುಡಿಯಾಕಿಲ್ಲ ಅಂತ ನಂಗೊತ್ತಿಲ್ವಾ?" ಎಂದರು ಮುನಿಯಮ್ಮ, ಮೊರ ಕೆಳಗಿಡದೆ.

"ಮತ್ತೆ ದಾರ ಕಟ್ಟಿಸಿದ್ದು?"

"ನಮ್ಮವ್ವಂಗೆ ಬೆರಳು ಊದ್ದಾಗ ಥಂಡಿ ಅಂದ್ರು. ನನ್ ಗಂಡಂಗೆ ಹಾವು ದಾಟಿದ್ ಜಾಗ ತುಳ್ದ ಅಂದ್ರು. ನಮ್ಮಣ್ಣಂಗೆ ಗಾಡಿ ಗಾಲಿ ಹತ್ತಿದ್ದು ಅಂದ್ರು. ಒಬ್ಬೊಬ್ರುದು ಒಂದೊಂದಾಗಿ ಹೋಯ್ತು. ಇವನ್ದು ಕುಡಿತ ಅಂತ ಕಾಗ್ದ ಬಂತು. ಸದ್ಯ, ಅದೂ ಬ್ಯಾರೆ ಆಯ್ತು ಅಂದ್ಕಂಡೆ. ಈಗ ನೀವ್ ಬಂದು ಎಲ್ಲಾ ಒಂದೇ, ವಂಶದ್ದು ಅಂತೀರಿ." ಅವರು ದನಿ ತಗ್ಗಿಸಿದರು. "ನೀವ್ ಬರ್ದ ಪಟದಾಗೆ ನನ್ನ ಹೆಣ್ಮಕ್ಳೂ ಅವ್ರಾ?"

"ಇದ್ದಾರೆ" ಎಂದೆ. "ಬಿಳಿ ದುಂಡು."

ಅವರು ಕಾಲು ಬದಲಿಸಿ ಕೂತರು. ಸೀರೆಯಂಚಿನ ಕೆಳಗಿಂದ ಹೆಬ್ಬೆರಳು ಒಂದು ಗಳಿಗೆ ಕಂಡಿತು, ಕೆಂಪಗೆ ಊದಿತ್ತು. ನಾನು ನೋಡಿದ್ದು ಅವರಿಗೆ ತಿಳಿಯಿತು. ಡಾಕ್ಟರಮ್ಮನ ಹತ್ತಿರ ಬನ್ನಿ, ಮಾತ್ರೆ ಇದೆ ಎಂದೆ. ಬರುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ ಬರುತ್ತೇನೆ ಎಂದರು. ಬಾಗಿಲಲ್ಲಿದ್ದ ಮಗನ ಕಡೆ ನೋಡಿದರು. ಅವನು ದಾರ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿದ.

"ಫ್ಯಾಕ್ಟ್ರೀಲಿ ಸರಿ ಮಾಡ್ಕಳಿ ಕಣಮ್ಮ, ಅವುನ್ ಅನ್ನದ್ ವಿಚಾರ" ಎಂದರು ಮುನಿಯಮ್ಮ. "ಊರಾಗೆ ಏನೂ ಹೇಳ್ಬ್ಯಾಡಿ. ಆ ಇಬ್ರು ಹೆಣ್ಮಕ್ಳ ಮದ್ವೆ ಆಗೋಗಂಟ ನನ್ಮಗ ಕುಡುಕ ಅಂತ್ಲೇ ಇರ್ಲಿ."